ಆಂಗ್ಲೇಯರ ಕಾಲದ ಕಟ್ಟಡಗಳಲ್ಲಿ ನಮ್ಮವರ ಕೈಗೆಲಸ

ಹೆಬ್ಬಗೋಡಿಯಿಂದ ಬೆಂಗಳೂರಿಗೆ ಹೋದವರು ಕಬ್ಬನ್ ಪಾರ್ಕಿನ ಅಂಚಿನಲ್ಲಿರುವ ಕೆಂಬಣ್ಣದ ಅಠಾರ ಕಚೇರಿಯನ್ನು ನೋಡಿಯೇ ಇರುವರು. 1868ರಲ್ಲಿ ಪೂರ್ಣವಾದ ಆ ಸೌಧದಲ್ಲಿ ಮೊದಲು ಸರಕಾರದ ಹದಿನೆಂಟು ಇಲಾಖೆಗಳಿದ್ದುದರಿಂದ ಈ ಹೆಸರು ಬಂದಿತು. ಈಗ ಅಲ್ಲಿ ಉಚ್ಚ ನ್ಯಾಯಾಲಯವಿದೆ. ಅದನ್ನು ಕಟ್ಟಿದವರಾರೆಂದು ಕೇಳಿದರೆ ನಮ್ಮ ಬಾಲಿಕೆಯರು ‘ಇಂಗ್ಲಿಷರು’ ಎಂದು ಥಟ್ಟನೆ ಉತ್ತರ ಕೊಡುವರು. ಈ ಉತ್ತರವು ಅರ್ಧ ಮಾತ್ರ ಸರಿ. ನಕ್ಷೆಯ ಕೀರ್ತಿಯು ಎಂಜಿನಿಯರ್ ರಿಚರ್ಡ್ ಸ್ಯಾಂಕಿಯವರಿಗೆ ಸಲ್ಲತಕ್ಕದ್ದು. ಗುತ್ತಿಗೆ ಹಿಡಿದು ಕಟ್ಟಿಸಿದವರು ಆರ್ಕಾಟ್ ನಾರಾಯಣಸ್ವಾಮಿ ಮೊದಲಿಯಾರರು. ಕಲ್ಲು ಸೀಳಿದವರ, ಗಾರೆ ಅರೆದವರ ಹೆಸರುಗಳಾದರೋ ಚರಿತ್ರೆಯ ಪುಸ್ತಕಗಳಲ್ಲಿ ದೊರೆಯುವುದಿಲ್ಲ.

ಹಡಗುಗಳ ವಿಷಯವೂ ಹೀಗೆಯೇ. ಇಂಗ್ಲೆಂಡಿನ ಹಾರ್ಟಲ್‌ಪೂಲ್ ಬಂದರಿನಲ್ಲಿ ಇಂದಿಗೂ ತೇಲುತ್ತಿರುವ ‘ಟ್ರಿಂಕೊಮಲಿ’ ಎಂಬ ಬ್ರಿಟಿಷ್ ಯುದ್ಧನೌಕೆಯು 1817ರಲ್ಲಿ ನೀರಿಗಿಳಿದದ್ದು ಮುಂಬಯಿಯಲ್ಲಿ. ಅದರ ಮೊದಲ ನಕ್ಷೆಗಳು ಬರುವ ದಾರಿಯಲ್ಲಿ, 1812ರಲ್ಲಿ, ‘ಜಾವಾ’ ಎಂಬ ಹಡಗಿನೊಡನೆ ನಾಶವಾಗಲು, ಮತ್ತೆ ಪ್ರತಿಗಳನ್ನು ಕಳುಹಿಸಬೇಕಾಯಿತು. ಕಟ್ಟಿದ ಮೇಸ್ತ್ರಿ ಪಾರ್ಸಿ ಮನೆತನದ ಜಮ್ಶೆಟ್ಜಿ ಬೊಮಂಜಿ ವಾಡಿಯಾ. ಮರವು ಮಲಬಾರಿನ ತೇಗ. ಇಂಗ್ಲೆಂಡಿನ ಓಕ್ ಮರದಲ್ಲಿರುವ ಆಮ್ಲವು ಕಬ್ಬಿಣದ ಮೊಳೆಗಳನ್ನು ತಿಂದುಹಾಕುವುದು. ತೇಗದಲ್ಲಿರುವ ಎಣ್ಣೆಯಾದರೋ ಮೊಳೆಗೂ ಮರಕ್ಕೂ ರಕ್ಷಣೆಯಾಗಿರುವುದು. ನಮ್ಮ ದಾಂಡೇಲಿಯ ತೇಗದ ಕಾಡುಗಳೂ ಅದೇ ಪಶ್ಚಿಮಘಟ್ಟದ ಸಾಲಿನವೇ ಎಂಬುದನ್ನು ಭೂಗೋಳ ಓದಿದ ಪೂರ್ವ ವಿದ್ಯಾರ್ಥಿನಿಯರು ಮರೆತಿರಲಾರರು.

ಮಂಗಳೂರು ಹೆಂಚಿನ ಕಥೆಯು ಸುಪ್ರಸಿದ್ಧವಾದುದರಿಂದ ಇಲ್ಲಿ ವಿಸ್ತರಿಸುವುದಿಲ್ಲ. 1865ರಲ್ಲಿ ಬಾಸೆಲ್ ಮಿಶನ್ನಿನ ಪ್ಲೆಬ್ಸ್ಟ್ ಎಂಬವರು ಅಲ್ಲಿಯ ಜೇಡಿಮಣ್ಣಿನಿಂದ ಅದನ್ನು ಆರಂಭಿಸಿದರೆಂದರೆ ಸಾಕು.

ಆದರೆ ಗಾರೆಯ ವಿಷಯವನ್ನು ಅಷ್ಟು ಬೇಗ ಮುಗಿಸುವಂತಿಲ್ಲ. ಸುಣ್ಣದ ಕಲ್ಲನ್ನು ಗೂಡಿನಲ್ಲಿ ಸುಟ್ಟರೆ ಅದರಲ್ಲಿರುವ ಇಂಗಾಲಾಮ್ಲ ವಾಯುವು ಹೊರಟುಹೋಗಿ ಸುಟ್ಟ ಸುಣ್ಣವು ಉಳಿಯುವುದು. ನೀರು ಸೇರಿಸಿದೊಡನೆ ಅದು ಕುದಿದು ಅರಳುವುದು. ಅದನ್ನು ದಿನಗಟ್ಟಲೆ ನೆನೆಯಿಟ್ಟು, ಮರಳನ್ನೋ ಇಟ್ಟಿಗೆಪುಡಿಯನ್ನೋ ಬೆರಸಿ, ಎತ್ತು ತಿರುಗಿಸುವ ಕಲ್ಲಿನ ಗಾಣದಲ್ಲಿ ಅರೆಯುತ್ತಿದ್ದರು. ಗೋಡೆಗೆ ಬಳಿದ ಮೇಲೆ ಅದು ಗಾಳಿಯಲ್ಲಿನ ಅದೇ ವಾಯುವನ್ನು ಮೆಲ್ಲಮೆಲ್ಲನೆ ಹೀರಿ ಪುನಃ ಕಲ್ಲಾಗುವುದು. ಮದರಾಸು ತಾರಸಿಯ ಕೆಲಸವು ಇನ್ನೂ ಸ್ವಾರಸ್ಯವಾದುದು. ತೇಗದ ತೊಲೆಗಳ ಮೇಲೆ ತೆಳುವಾದ ಇಟ್ಟಿಗೆಗಳನ್ನು ಓರೆಸಾಲಾಗಿ ನಿಲ್ಲಿಸಿ ಗಾರೆಯಿಂದ ಬಂಧಿಸಿ, ಮೇಲೆ ಇಟ್ಟಿಗೆ ಚೂರು ಬೆರೆತ ಸುಣ್ಣವನ್ನು ದಪ್ಪನಾಗಿ ಹಾಸುವರು. ಆಮೇಲೆ ಹೆಂಗಸರು ಸಾಲಾಗಿ ಕುಳಿತು, ಬೆಲ್ಲವೂ ಅಳಲೆಕಾಯಿಯೂ ನೆನೆದ ನೀರನ್ನು ಚಿಮುಕಿಸುತ್ತ, ಹಾಡಿನ ತಾಳಕ್ಕೆ ಸರಿಯಾಗಿ ಮರದ ಬಡಿಗೆಗಳಿಂದ ಅನೇಕ ದಿನ ಬಡಿಯುತ್ತಿದ್ದರು. ದೊಡ್ಡ ದೊರೆಗಳ ಬಂಗಲೆಗಳಲ್ಲಿ ಮಳೆ ಸೋರದಿದ್ದುದು ಈ ಕೂಲಿ ಹೆಂಗಸರ ತೋಳ್ಬಲದಿಂದ. ಸ್ತ್ರೀಯರಿಗೆ ಕಟ್ಟಡದ ಕೆಲಸವು ತಿಳಿಯದೆಂದು ಹೇಳುವ ಪೋಷಕರು ಇದನ್ನು ಸ್ವಲ್ಪ ಯೋಚಿಸುವರಾಗಲಿ! ಆಂಗ್ಲ ಎಂಜಿನಿಯರುಗಳು ಈ ವಿದ್ಯೆಯನ್ನು ತಂದವರಲ್ಲ, ಇಲ್ಲಿ ಕಂಡು ಉಪಯೋಗಿಸಿಕೊಂಡವರು. ಇಟ್ಟಿಗೆಪುಡಿ ಬೆರೆತ ಸುಣ್ಣದ ಸಾಮರ್ಥ್ಯವೆಷ್ಟೆಂಬುದಕ್ಕೆ, 1911ರಲ್ಲಿ ಮೈಸೂರು ಸಂಸ್ಥಾನವು ಆರಂಭಿಸಿದ ಕೃಷ್ಣರಾಜಸಾಗರದ ಅಣೆಕಟ್ಟೆಯೇ ಸಾಕ್ಷಿಯಾಗಿ ನಿಂತಿದೆ.

ಈಗಿನ ಕಷ್ಟವು ದುರಸ್ತಿಯದು. ಹಳೆಯ ಗೋಡೆ ಬಿರುಕುಬಿಟ್ಟರೆ ಮೇಸ್ತ್ರಿಗಳು ಒಡನೆಯೇ ಸಿಮೆಂಟನ್ನು ಮೆತ್ತುವರು. ಸುಣ್ಣದ ಗಾರೆಯು ಇಟ್ಟಿಗೆಯಲ್ಲಿನ ತೇವವನ್ನು ಹೊರಕ್ಕೆ ಬಿಡುವುದು, ಸಿಮೆಂಟು ಬಿಡದು. ಒಳಗೆ ಸಿಕ್ಕಿಬಿದ್ದ ತೇವದಿಂದ ಇಟ್ಟಿಗೆಯು ಪುಡಿಯಾಗಿ ಉದುರುವುದು, ತೊಲೆಯ ತುದಿಗಳು ಕೊಳೆಯುವುವು. ಹೊರಗಿನ ಮೆತ್ತಿಗೆ ಮಾತ್ರ ಕೆಲವು ವರ್ಷ ಸೊಗಸಾಗಿ ಕಾಣುವುದರಿಂದ ಮನೆಯವರಿಗೆ ಸಂಶಯವೇ ಬಾರದು. ನಮ್ಮ ಸುತ್ತಮುತ್ತ ಗಾಜಿನ ಸೌಧಗಳು ಏಳುತ್ತಿರುವ ಈ ದಿನಗಳಲ್ಲಿ ಗಾರೆ ಅರೆಯಬಲ್ಲವರು ವಿರಳರಾಗಿರುವರು. ಆನೇಕಲ್ ಸೀಮೆಯಲ್ಲಿ ಅಜ್ಜ ಮುತ್ತಜ್ಜರ ಕಾಲದ ತಾರಸಿ ಮನೆಯುಳ್ಳ ಪೋಷಕರು, ಸೋರುವುದೆಂದು ಅದನ್ನು ಕೆಡವುವ ಮೊದಲು, ಅಂಥ ಹಳಬನೊಬ್ಬನನ್ನು ಹುಡುಕಿ ಕರೆತಂದು ತೋರಿಸಬೇಕೆಂದು ಕೋರುತ್ತೇನೆ. ಅವನು ಕೆಲಸಮಾಡುವಾಗ ಮನೆಯ ಮಕ್ಕಳನ್ನೂ ಹತ್ತಿರದಲ್ಲಿಯೇ ಕೂರಿಸಿರಿ.