ಅಜ್ಜಿಯ ಬಿ.ಪಿ., ಮೊಮ್ಮಗಳ ಆಟ

ಭಾನುವಾರ ಬಲಿಪೂಜೆ ಮುಗಿದು ಚರ್ಚಿನ ಅಂಗಳದಲ್ಲಿ ನಾಲ್ಕು ಮಂದಿ ಹಿರಿಯರು ಸೇರಿದರೆ ಬಿ.ಪಿ.ಯ ಮಾತು ಬಾರದೆ ಇರುವುದಿಲ್ಲ. "ನನಗೂ ಇದೆ, ಮಾತ್ರೆ ನಡೀತಾ ಇದೆ" ಎನ್ನುವವರು ಕೆಲವರು. "ಈಗ ಆರಾಮಾಗಿದ್ದೇನೆ, ಮಾತ್ರೆ ಬಿಟ್ಟೇಬಿಟ್ಟೆ" ಎನ್ನುವವರು ಇನ್ನು ಕೆಲವರು. ಅದೇ ಹೊತ್ತಿಗೆ ಮನೆಯ ಮಕ್ಕಳು ಅತ್ತ ಮೆಟ್ಟಿಲ ಮೇಲೆ ಕುಳಿತು ಮೊಬೈಲಿನ ಆಟದಲ್ಲಿ ಮುಳುಗಿರುತ್ತಾರೆ. ಹಿರಿಯರ ಕಾಯಿಲೆ ಬೇರೆ, ಮಕ್ಕಳ ಆಟ ಬೇರೆ ಎಂದೇ ನಾವು ತಿಳಿದಿದ್ದೇವೆ. ಇವೆರಡನ್ನೂ ಒಂದೇ ಚಾಪೆಯ ಮೇಲೆ ಕೂರಿಸಬಹುದೇ?

ಪ್ರಿಯ ಓದುಗರೇ, ಈ ಪ್ರಶ್ನೆಗೆ ಉತ್ತರ ಹುಡುಕಲು ನಾವು ದೂರದ ಅಮೆರಿಕದ ಒಂದು ಮೂಲನಿವಾಸಿ ಜನಾಂಗದ ಮನೆಗಳಿಗೆ ಹೋಗಿ ಬರೋಣ. ಅವರೇ ನವಾಹೋ ಜನ. ಅವರ ಬಿ.ಪಿ. ಆರೈಕೆಗೆ ಮೊಬೈಲ್ ಆಟಗಳನ್ನು ನೆರವಾಗಿ ಬಳಸುವ ವಿಚಾರದಲ್ಲಿ ನಮಗೂ ಕಲಿಯಲು ಬೇಕಾದಷ್ಟಿದೆ.

ಯಾರು ಈ ನವಾಹೋ ಜನ?

ತಮ್ಮ ಭಾಷೆಯಲ್ಲಿ ಅವರು ತಮ್ಮನ್ನು ‘ದಿನೆ’ ಎಂದು ಕರೆದುಕೊಳ್ಳುತ್ತಾರೆ. ‘ಜನ’ ಎಂದೇ ಅದರ ಅರ್ಥ. ಅರಿಜೋನಾ, ನ್ಯೂ ಮೆಕ್ಸಿಕೊ, ಯೂಟಾ ಎಂಬ ಮೂರು ರಾಜ್ಯಗಳಲ್ಲಿ ಹರಡಿಕೊಂಡಿರುವ ಅವರ ನಾಡಿನ ವಿಸ್ತಾರ ಸುಮಾರು 70 ಸಾವಿರ ಚದರ ಕಿಲೋಮೀಟರ್. ಅಂದರೆ ಕೇರಳಕ್ಕಿಂತ ಎಷ್ಟೋ ದೊಡ್ಡದು. ಆದರೆ ಆ ನಾಡಿನೊಳಗೆ ವಾಸಿಸುವವರು ಎರಡು ಲಕ್ಷಕ್ಕೂ ಕಡಿಮೆ. ಕೆಂಪು ಬಂಡೆಗಳ ಒಣ ಭೂಮಿ. ಒಂದು ಮನೆಯಿಂದ ಇನ್ನೊಂದು ಮನೆಗೆ ಮೈಲಿಗಟ್ಟಲೆ ದೂರ.

1864ರಲ್ಲಿ ಅಮೆರಿಕದ ಸೈನ್ಯ ಈ ಜನರನ್ನು ಅವರ ನೆಲದಿಂದ ಎಬ್ಬಿಸಿ ನೂರಾರು ಮೈಲಿ ನಡೆಸಿಕೊಂಡು ಹೋಗಿ ಶಿಬಿರದಲ್ಲಿ ಕೂಡಿಹಾಕಿತು. 1868ರ ಒಪ್ಪಂದದ ನಂತರವೇ ಅವರು ಮರಳಿ ಬಂದದ್ದು. ಮೆಕ್ಕೆಜೋಳ, ಬೀನ್ಸ್ ಕಾಳು, ಕುಂಬಳ ಬೆಳೆದು ಕುರಿ ಸಾಕಿ ಉಣ್ಣುತ್ತಿದ್ದ ಜನರಿಗೆ ಸೆರೆಯಲ್ಲಿ ಸಿಕ್ಕ ಪಡಿ ಗೋಧಿ ಹಿಟ್ಟು, ಕೊಬ್ಬು, ಸಕ್ಕರೆ. ಆ ಪಡಿಯಿಂದಲೇ ಹುಟ್ಟಿದ ಕರಿದ ರೊಟ್ಟಿ ಇಂದು ಅವರ ಹಬ್ಬದೂಟವಾಗಿದೆ. ಊಟ ಬದಲಾದಂತೆ ಕಾಯಿಲೆಗಳೂ ಬದಲಾದವು. ಸಕ್ಕರೆ ಕಾಯಿಲೆ, ಬಿ.ಪಿ., ಹೃದಯದ ಕಾಯಿಲೆಗಳು ಮನೆಮನೆಗೂ ಬಂದವು.

ಇಷ್ಟು ದೊಡ್ಡ ನಾಡಿನಲ್ಲಿ ತಾಜಾ ಹಣ್ಣು ತರಕಾರಿ ಸಿಗುವ ದೊಡ್ಡ ದಿನಸಿ ಅಂಗಡಿಗಳು 13ರಷ್ಟೇ ಎಂದು ಲೆಕ್ಕ ಹಾಕಿದ್ದಾರೆ. ಹತ್ತಿರದ ಚಿಕ್ಕ ಅಂಗಡಿಯಲ್ಲಿ ಸಿಗುವುದು ಡಬ್ಬಿಯಲ್ಲಿ ತುಂಬಿದ ಮಾಂಸ, ಚಿಪ್ಸ್, ಸಿಹಿ ಪಾನೀಯ. ಇಂಥ ಡಬ್ಬಿಯ ಆಹಾರದಲ್ಲಿ ಹೆಚ್ಚಾಗಿ ಉಪ್ಪು ಬಹಳ ಇರುತ್ತದೆ. ಆ ಉಪ್ಪೇ ರಕ್ತದೊತ್ತಡವನ್ನು ಏರಿಸುತ್ತದೆ. ಇದನ್ನು ಕಂಡ ನವಾಹೋ ಆಡಳಿತ 2014ರಲ್ಲಿ ತಾಜಾ ಹಣ್ಣು ತರಕಾರಿಯ ಮೇಲಿನ ಮಾರಾಟ ತೆರಿಗೆಯನ್ನು ತೆಗೆದುಹಾಕಿತು. ಕುರುಕಲು ತಿಂಡಿ, ಸಿಹಿ ಪಾನೀಯಗಳ ಮೇಲೆ ಶೇಕಡ 2ರಷ್ಟು ಹೆಚ್ಚುವರಿ ತೆರಿಗೆ ಹಾಕುವ ಕಾನೂನನ್ನೂ ಮಾಡಿತು. 2015ರಿಂದ ಅದು ಜಾರಿಗೆ ಬಂತು.

ಸದ್ದಿಲ್ಲದೆ ಬರುವ ಕಾಯಿಲೆ

ಅಧಿಕ ರಕ್ತದೊತ್ತಡ ಕಳ್ಳನಂತೆ. ಜ್ವರದ ಹಾಗೆ ಮೈ ಸುಡುವುದಿಲ್ಲ, ಗಾಯದ ಹಾಗೆ ನೋಯುವುದಿಲ್ಲ. ಒಳಗೊಳಗೇ ರಕ್ತನಾಳಗಳನ್ನು ಗಡುಸು ಮಾಡಿ ಒಂದು ದಿನ ಲಕ್ವವಾಗಿಯೋ ಹೃದಯಾಘಾತವಾಗಿಯೋ ಕಿಡ್ನಿಯ ಸೋಲಾಗಿಯೋ ಎದುರಿಗೆ ನಿಲ್ಲುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದಂತೆ, ಜಗತ್ತಿನಲ್ಲಿ 30ರಿಂದ 79 ವಯಸ್ಸಿನ ಸುಮಾರು 128 ಕೋಟಿ ಜನರಿಗೆ ಇದು ಇದೆ. ಅವರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮಂದಿಗೆ ತಮಗೆ ಇದೆ ಎಂಬುದೇ ತಿಳಿಯದು.

ಇದರ ಆರೈಕೆ ಆಸ್ಪತ್ರೆಯಲ್ಲಿ ಮುಗಿಯುವಂಥದ್ದಲ್ಲ. ವೈದ್ಯರನ್ನು ಕಾಣುವುದು ತಿಂಗಳಿಗೊಮ್ಮೆ ಹತ್ತು ನಿಮಿಷ. ಉಳಿದ ದಿನಗಳೆಲ್ಲ ಮಾತ್ರೆ, ಉಪ್ಪು, ನಡಿಗೆ, ಅಳತೆ ಎಲ್ಲವೂ ನಡೆಯಬೇಕಾದದ್ದು ಮನೆಯಲ್ಲಿ. ಆದ್ದರಿಂದ ಮನೆಯೊಳಗೆ ಆ ಮಾತು ಬರದೇ ಹೋದರೆ ಎಷ್ಟು ಒಳ್ಳೆಯ ಮಾತ್ರೆಯಾದರೂ ಡಬ್ಬಿಯಲ್ಲೇ ಉಳಿದೀತು.

ಮಾತಿನ ತೊಡಕು

ನವಾಹೋ ಮನೆಯೊಳಗೆ ಆ ಮಾತನ್ನು ತರುವುದು ಸುಲಭವಲ್ಲ. ಮೊದಲನೆಯದಾಗಿ, ಭಾಷೆ. ಅನೇಕ ಹಿರಿಯರಿಗೆ ನವಾಹೋ ಭಾಷೆಯೇ ಮನೆಮಾತು. ಆಸ್ಪತ್ರೆಯಲ್ಲಿ ನಡೆಯುವುದು ಇಂಗ್ಲಿಷ್. ಈ ಕಂದರಕ್ಕೆ ಸೇತುವೆ ಕಟ್ಟಿದ ಮಹಾತಾಯಿ ಆ್ಯನಿ ಡಾಜ್ ವಾನೆಕಾ. 1951ರಲ್ಲಿ ಬುಡಕಟ್ಟಿನ ಆಡಳಿತ ಮಂಡಳಿಗೆ ಆಯ್ಕೆಯಾದ ಆಕೆ ಮನೆಮನೆಗೆ ಹೋಗಿ ಕ್ಷಯರೋಗದ ಬಗ್ಗೆ ತಿಳಿಸಿದರು. ವೈದ್ಯಕೀಯ ಪದಗಳನ್ನು ನವಾಹೋ ಭಾಷೆಯಲ್ಲಿ ವಿವರಿಸುವ ಪದಕೋಶ ಸಿದ್ಧಪಡಿಸಲು ನೆರವಾದರು. 1963ರಲ್ಲಿ ಅಮೆರಿಕದ ಅಧ್ಯಕ್ಷರ ಸ್ವಾತಂತ್ರ್ಯ ಪದಕ ಅವರಿಗೆ ಸಂದಿತು. 1968ರಿಂದ ಸಮುದಾಯದ ಆರೋಗ್ಯ ಪ್ರತಿನಿಧಿಗಳು ಅದೇ ದಾರಿಯಲ್ಲಿ ನಡೆದಿದ್ದಾರೆ. ಇವರು ಅದೇ ಜನಾಂಗದವರು, ಅದೇ ಭಾಷೆಯವರು. ಕಚ್ಚಾ ರಸ್ತೆಯಲ್ಲಿ ವಾಹನ ಓಡಿಸಿಕೊಂಡು ಹೋಗಿ ಹಿರಿಯರ ಬಿ.ಪಿ. ನೋಡಿ ಬರುತ್ತಾರೆ.

ಎರಡನೆಯ ತೊಡಕು ಇನ್ನೂ ಆಳವಾದದ್ದು. ನವಾಹೋ ಸಂಪ್ರದಾಯದಲ್ಲಿ ಮಾತಿಗೆ ದೊಡ್ಡ ಶಕ್ತಿ. ಕೆಟ್ಟದ್ದನ್ನು ಬಾಯಿಬಿಟ್ಟು ಹೇಳಿದರೆ ಅದು ನಡೆದೇ ಹೋದೀತು ಎಂಬ ನಂಬಿಕೆ. ಬದುಕಿನ ಸಮತೋಲ, ಸೊಬಗು, ಸಾಮರಸ್ಯ ಎಲ್ಲವನ್ನೂ ಒಳಗೊಂಡ ‘ಹೋಝೋ’ ಎಂಬ ಮಾತು ಅವರಿಗೆ ಬಹಳ ಮುಖ್ಯ. 1995ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಬಂದ ಅಧ್ಯಯನ ಇದನ್ನು ಎತ್ತಿ ತೋರಿಸಿತು: ವೈದ್ಯರು ಮುಂದಿನ ಅಪಾಯಗಳನ್ನು ರೋಗಿಯ ಮುಖಕ್ಕೇ ಹೇಳುವ ಪದ್ಧತಿ ಈ ಜನರಿಗೆ ನೋವು ತರುತ್ತದೆ. "ಮಾತ್ರೆ ಬಿಟ್ಟರೆ ನಿಮಗೆ ಲಕ್ವ ಹೊಡೆಯುತ್ತದೆ" ಎಂದು ಹೇಳಿದರೆ ಅದು ಎಚ್ಚರಿಕೆಯಾಗಿ ಅಲ್ಲ, ಶಾಪವಾಗಿ ಕೇಳಿಸೀತು. ನಮ್ಮಲ್ಲೂ ಅಜ್ಜಿಯರು "ಅಂಥ ಮಾತು ಆಡಬೇಡ, ಬಿಡ್ತು ಅನ್ನು" ಎನ್ನುವುದಿಲ್ಲವೇ?

ಆಟ ಇಲ್ಲಿಗೇಕೆ ಬಂತು?

ಹಾಗಾದರೆ ಅಪಾಯವನ್ನು ಹೇಳುವುದು ಹೇಗೆ? ಕಥೆಯ ಮೂಲಕ. ನಿಮಗಾಗುತ್ತದೆ ಎನ್ನದೆ, ಕಥೆಯಲ್ಲಿನ ಒಬ್ಬರಿಗೆ ಹೀಗಾಯಿತು, ಅವರು ಹೀಗೆ ಪಾರಾದರು ಎನ್ನಬಹುದು. ಆಟ ಎಂದರೆ ಕೈಯಾಡಿಸಬಹುದಾದ ಕಥೆ. ಪರದೆಯ ಮೇಲಿನ ಪಾತ್ರ ಉಪ್ಪು ಹೆಚ್ಚು ತಿಂದು ದಣಿದರೆ ಆಡುವವರಿಗೆ ಪಾಠ ಸಿಗುತ್ತದೆ. ಅಪಶಕುನದ ಮಾತು ಯಾರ ಮೇಲೂ ಬೀಳುವುದಿಲ್ಲ. ಆಟದ ದೊಡ್ಡ ಉಪಕಾರ ಇದೇ ಎಂದು ನಮಗನಿಸುತ್ತದೆ.

ಆಟದಿಂದ ಔಷಧಿಯ ಶಿಸ್ತು ಬರುತ್ತದೆಯೇ ಎಂದು ನೀವು ಕೇಳಬಹುದು. 2006ರಲ್ಲಿ ‘ರೀ-ಮಿಷನ್’ ಎಂಬ ಆಟ ಹೊರಬಂತು. ಕ್ಯಾನ್ಸರ್ ಪೀಡಿತ ಹದಿಹರೆಯದವರಿಗಾಗಿ ಮಾಡಿದ ಆಟವದು. ಮೈಯೊಳಗೆ ಹೊಕ್ಕು ಕ್ಯಾನ್ಸರ್ ಕಣಗಳೊಡನೆ ಹೋರಾಡಬೇಕು. 34 ಆಸ್ಪತ್ರೆಗಳ 375 ರೋಗಿಗಳ ಮೇಲೆ ನಡೆಸಿದ ಪರೀಕ್ಷೆಯ ಫಲಿತಾಂಶ 2008ರಲ್ಲಿ ಪ್ರಕಟವಾಯಿತು. ಈ ಆಟ ಆಡಿದವರು ಉಳಿದವರಿಗಿಂತ ಹೆಚ್ಚು ನಿಷ್ಠೆಯಿಂದ ಔಷಧಿ ತೆಗೆದುಕೊಂಡಿದ್ದರು.

ಕುಟುಂಬಗಳಿಗೆ ಸಂಬಂಧಿಸಿದ ಇನ್ನೊಂದು ಪರೀಕ್ಷೆ 2017ರಲ್ಲಿ ಪ್ರಕಟವಾಯಿತು. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಊರಿನ ಹೃದಯ ಅಧ್ಯಯನಕ್ಕೆ ಸೇರಿದ 94 ಕುಟುಂಬಗಳ 200 ಮಂದಿ ಅದರಲ್ಲಿದ್ದರು. ದಿನದ ಹೆಜ್ಜೆಗಳನ್ನು ಎಣಿಸುವುದು ಎಲ್ಲರಿಗೂ ಇತ್ತು. ಅರ್ಧದಷ್ಟು ಕುಟುಂಬಗಳಿಗೆ ಮಾತ್ರ ಅದನ್ನು ಅಂಕ, ಮಟ್ಟಗಳಿರುವ ಆಟವನ್ನಾಗಿ ಮಾಡಿಕೊಟ್ಟರು. ಇಡೀ ಕುಟುಂಬ ಒಂದೇ ತಂಡ. ಆಟವಾಡಿದ ಕುಟುಂಬದವರು ಶೇಕಡ 53ರಷ್ಟು ದಿನಗಳಲ್ಲಿ ತಮ್ಮ ಗುರಿ ಮುಟ್ಟಿದರು. ಉಳಿದವರು ಶೇಕಡ 32ರಷ್ಟು ದಿನಗಳಲ್ಲಿ. ಆಟ ನಿಂತ ಮೇಲೆ ಹುಮ್ಮಸ್ಸು ಸ್ವಲ್ಪ ಇಳಿಯಿತು, ಆದರೂ ಅವರೇ ಮುಂದಿದ್ದರು.

ನವಾಹೋ ನಾಡಿನಲ್ಲಿ ಫೋನು ಆರೈಕೆಯ ಸಾಧನವಾಗಬಲ್ಲದೆಂಬುದಕ್ಕೂ ಸಾಕ್ಷಿ ಇದೆ. 2023ರಲ್ಲಿ ಅಲ್ಲಿ ಹೃದಯ ದುರ್ಬಲಗೊಂಡ 103 ರೋಗಿಗಳಿಗೆ ಫೋನಿನ ಮೂಲಕವೇ ಔಷಧಿಯನ್ನು ಸರಿಹೊಂದಿಸಿದರು. ಮನೆಯಲ್ಲೇ ಬಿ.ಪಿ. ನೋಡಿಕೊಳ್ಳಲು ಯಂತ್ರ ಕೊಟ್ಟರು. ಫೋನಿನ ಆರೈಕೆ ಪಡೆದವರಲ್ಲಿ ಶೇಕಡ 66 ಮಂದಿಗೆ ಒಂದೇ ತಿಂಗಳೊಳಗೆ ಬೇಕಾದ ಔಷಧಿ ಹೆಚ್ಚಿಸಿಕೊಡಲು ಸಾಧ್ಯವಾಯಿತು. ಎಂದಿನ ಆರೈಕೆಯಲ್ಲಿ ಇದು ಶೇಕಡ 13 ಮಾತ್ರ.

ಎಂಥ ಆಟ ಬೇಕು?

ಒಂದು ಮನೆಯನ್ನು ಕಲ್ಪಿಸಿಕೊಳ್ಳೋಣ. ಸಂಜೆ ಹೊತ್ತು. ಶಾಲೆಯಿಂದ ಬಂದ ಮೊಮ್ಮಗಳು ಅಜ್ಜಿಯ ಪಕ್ಕ ಕುಳಿತಿದ್ದಾಳೆ. ಫೋನಿನಿಂದ ನವಾಹೋ ಭಾಷೆಯ ದನಿ ಕೇಳುತ್ತದೆ. ಮೊದಲ ಆಟ: ಅಜ್ಜಿಯ ಬಿ.ಪಿ.ಯನ್ನು ಸರಿಯಾಗಿ ಅಳೆಯುವುದು. ಐದು ನಿಮಿಷ ಸುಮ್ಮನೆ ಕುಳಿತರೇ? ಬೆನ್ನಿಗೆ ಆಸರೆ ಇದೆಯೇ? ಪಾದ ನೆಲಕ್ಕೆ ಊರಿದೆಯೇ? ತೋಳು ಎದೆಯ ಮಟ್ಟಕ್ಕಿದೆಯೇ? ಅರ್ಧ ಗಂಟೆಯೊಳಗೆ ಕಾಫಿ, ತಂಬಾಕು ಮುಟ್ಟಿಲ್ಲ ತಾನೆ? ಪ್ರತಿಯೊಂದಕ್ಕೂ ಅಂಕ. ಎರಡನೆಯ ಆಟ: ಅಂಗಡಿಯ ಡಬ್ಬಿಗಳಲ್ಲಿ ಉಪ್ಪು ಕಡಿಮೆ ಇರುವುದನ್ನು ಆರಿಸುವುದು. ಮೂರನೆಯದು: ಮುಂಜಾನೆ ಎದ್ದು ಮೂಡಣ ದಿಕ್ಕಿಗೆ ಓಡುವ ಅವರ ಹಳೆಯ ಪದ್ಧತಿಯನ್ನೇ ಹೆಜ್ಜೆಗಳ ಆಟವನ್ನಾಗಿಸುವುದು. ಅಂಕ ಒಬ್ಬರಿಗಲ್ಲ, ಇಡೀ ಬಳಗಕ್ಕೆ. ತಾಯಿಯ ಕುಲ, ತಂದೆಯ ಕುಲ ಹೇಳಿಯೇ ತಮ್ಮ ಪರಿಚಯ ಮಾಡಿಕೊಳ್ಳುವ ಜನರಿಗೆ ಒಂಟಿ ಗೆಲುವು ರುಚಿಸದು.

ಆಟ ಎಂಬುದು ಅವರಿಗೆ ಹೊಸದೂ ಅಲ್ಲ. ಪಾದರಕ್ಷೆಗಳಲ್ಲಿ ವಸ್ತುವೊಂದನ್ನು ಅಡಗಿಸಿ ಹುಡುಕುವ ಒಂದು ಹಳೆಯ ಆಟ ಅವರಲ್ಲಿದೆ. ಲೆಕ್ಕಕ್ಕೆ 102 ಕಡ್ಡಿಗಳು. ಸದಾ ಹಗಲಿರಬೇಕೋ ಸದಾ ಇರುಳಿರಬೇಕೋ ಎಂದು ಹಗಲಿನ ಪ್ರಾಣಿಗಳೂ ಇರುಳಿನ ಪ್ರಾಣಿಗಳೂ ಈ ಆಟವಾಡಿದವಂತೆ. ಯಾರೂ ಗೆಲ್ಲಲಿಲ್ಲ, ಅದಕ್ಕೇ ಹಗಲು ಇರುಳು ಸಮನಾಗಿ ಬರುತ್ತವೆ ಎನ್ನುತ್ತಾರೆ. ಈ ಆಟವನ್ನು ಚಳಿಗಾಲದ ರಾತ್ರಿಗಳಲ್ಲಿ ಮಾತ್ರ ಆಡಬೇಕು. ಕೆಲವು ಕಥೆಗಳನ್ನೂ ಚಳಿಗಾಲದಲ್ಲಷ್ಟೇ ಹೇಳಬೇಕು. ಇದನ್ನು ಅರಿಯದ ಹೊರಗಿನವರು ಅಂಥ ಕಥೆಯನ್ನು ಮೊಬೈಲಿಗೆ ಹಾಕಿ ಬೇಸಿಗೆಯಲ್ಲಿ ಕೊಟ್ಟರೆ ಅಜ್ಜಿ ಮುಖ ತಿರುಗಿಸುತ್ತಾರೆ. ಆದ್ದರಿಂದ ಹಿರಿಯರನ್ನು ಕೇಳಿಯೇ ಆಟ ಕಟ್ಟಬೇಕು. ನವಾಹೋ ನಾಡಿನಲ್ಲಿ ಜನರ ಮೇಲೆ ಯಾವುದೇ ಆರೋಗ್ಯ ಸಂಶೋಧನೆ ನಡೆಸಬೇಕಾದರೆ ಅವರದೇ ಪರಿಶೀಲನಾ ಮಂಡಳಿಯ ಒಪ್ಪಿಗೆ ಬೇಕು. ಇದು ಒಳ್ಳೆಯ ಕಟ್ಟುಪಾಡು.

ಆಟದ ಮಿತಿ

ಆಟವನ್ನು ಹೊಗಳುತ್ತ ಮೈಮರೆಯುವುದು ಬೇಡ. ಅಲ್ಲಿನ ಸುಮಾರು ಮೂರರಲ್ಲೊಂದು ಮನೆಗೆ ನಲ್ಲಿ ನೀರಿಲ್ಲ. ಸಾವಿರಾರು ಮನೆಗಳಿಗೆ ವಿದ್ಯುತ್ತೇ ಬಂದಿಲ್ಲ. ಸಿಗ್ನಲ್ ಹುಡುಕಿಕೊಂಡು ಗುಡ್ಡ ಹತ್ತುವವರಿಗೆ ಸದಾ ಇಂಟರ್‌ನೆಟ್ ಬೇಡುವ ಆಟ ಕೊಟ್ಟು ಏನು ಫಲ? ಒಮ್ಮೆ ಇಳಿಸಿಕೊಂಡರೆ ಸಂಪರ್ಕವಿಲ್ಲದೆಯೂ ನಡೆಯುವಂಥದ್ದು ಬೇಕು. ಪರದೆಯ ಮೇಲೆ ತರಕಾರಿ ಆರಿಸಲು ಕಲಿತರೂ ಅಂಗಡಿಯಲ್ಲಿ ತರಕಾರಿ ಇರಬೇಕಲ್ಲ? ಆಟವಾಡುತ್ತ ಗಂಟೆಗಟ್ಟಲೆ ಕುಳಿತರೆ ಅದೇ ಇನ್ನೊಂದು ಕಾಯಿಲೆಗೆ ದಾರಿ. ಆಟ ವೈದ್ಯರ ಜಾಗದಲ್ಲಿ ಕೂರಲಾರದು, ಮಾತ್ರೆಯ ಜಾಗದಲ್ಲೂ ಕೂರಲಾರದು. ಮನೆಯವರನ್ನು ಒಟ್ಟಿಗೆ ಕೂರಿಸುವುದಷ್ಟೇ ಅದರ ಕೆಲಸ.

ನಮ್ಮ ಮನೆಗೆ

ಗಡಿನಾಡಿನ ಕನ್ನಡಿಗರಾದ ನಮಗೆ ಈ ಕಥೆಯ ಒಂದು ಭಾಗ ಚೆನ್ನಾಗಿ ಅರ್ಥವಾಗುತ್ತದೆ. ಮನೆಯಲ್ಲಿ ಕನ್ನಡ; ಆಸ್ಪತ್ರೆಯಲ್ಲಿ ಕಾಸರಗೋಡಿನವರಿಗೆ ಮಲಯಾಳ, ಹೊಸೂರು ತಾಳವಾಡಿಯವರಿಗೆ ತಮಿಳು, ಸೊಲ್ಲಾಪುರದವರಿಗೆ ಮರಾಠಿ, ಮಡಕಶಿರಾದವರಿಗೆ ತೆಲುಗು. ಚೀಟಿಯಲ್ಲಿ ಬರೆದದ್ದನ್ನು ಓದಿ ಅಜ್ಜ ಅಜ್ಜಿಯರಿಗೆ ತಿಳಿಸುವವರು ಬಹಳ ಸಲ ಮಕ್ಕಳೇ. ಆ ಮಕ್ಕಳಿಗೇ ಈ ಜವಾಬ್ದಾರಿಯನ್ನು ಆಟವಾಗಿ ಕೊಡಬಾರದೇಕೆ?

ಇದಕ್ಕೆ ಮೊಬೈಲ್ ಬೇಕೆಂದೇನೂ ಇಲ್ಲ. ಗೋಡೆಯ ಕ್ಯಾಲೆಂಡರ್ ಸಾಕು. ಅಜ್ಜಿ ಮಾತ್ರೆ ತೆಗೆದುಕೊಂಡ ದಿನ ಮೊಮ್ಮಗಳು ಒಂದು ಹೂವು ಬಿಡಿಸಲಿ. ವಾರಕ್ಕೊಮ್ಮೆ ಬಿ.ಪಿ. ಅಂಕಿಯನ್ನು ಅಲ್ಲೇ ಬರೆಯಲಿ. ಮುಂದಿನ ಸಲ ವೈದ್ಯರಿಗೆ ಅದನ್ನೇ ತೋರಿಸಬಹುದು. ದಿನಕ್ಕೆ ಒಬ್ಬರಿಗೆ 5 ಗ್ರಾಂಗಿಂತ ಕಡಿಮೆ ಉಪ್ಪು, ಅಂದರೆ ಒಂದು ಚಹಾ ಚಮಚಕ್ಕಿಂತ ಕಡಿಮೆ, ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಉಪ್ಪಿನಕಾಯಿ, ಹಪ್ಪಳ, ಒಣಮೀನು, ಬೇಕರಿ ತಿಂಡಿ ಎಲ್ಲ ಸೇರಿ ಇಷ್ಟು. ಪೊಟ್ಟಣದ ಮೇಲಿನ ಸೋಡಿಯಂ ಅಂಕಿಯನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪಿನ ಲೆಕ್ಕ ಸಿಗುತ್ತದೆ. ಐದನೇ ತರಗತಿಯ ಮಕ್ಕಳಿಗೆ ಇದು ಒಳ್ಳೆಯ ಗಣಿತದ ಆಟ! ಆದರೆ ಒಂದು ಮಾತು ನೆನಪಿರಲಿ: ಅಂಕಿ ಇಳಿಯಿತೆಂದು ವೈದ್ಯರನ್ನು ಕೇಳದೆ ಮಾತ್ರೆ ನಿಲ್ಲಿಸಬಾರದು. ಮಾತ್ರೆ ಕೆಲಸ ಮಾಡುತ್ತಿರುವುದರಿಂದಲೇ ಅದು ಇಳಿದಿರುತ್ತದೆ.

ಮನೆಯ ಹಿರಿಯರು ಹೋದರೆ ಅವರೊಡನೆ ಒಂದು ಭಾಷೆಯ ಎಷ್ಟೋ ಮಾತುಗಳು, ಕಥೆಗಳು ಹೋಗುತ್ತವೆ. ನವಾಹೋ ಮನೆಯಲ್ಲೂ ಹಾಗೆಯೇ, ನಮ್ಮ ಮನೆಯಲ್ಲೂ ಹಾಗೆಯೇ. ಈ ಸಂಜೆ ಮಕ್ಕಳ ಕೈಯಿಂದ ಮೊಬೈಲ್ ಕಿತ್ತುಕೊಂಡು ಗದರಿಸುವ ಮೊದಲು ಒಮ್ಮೆ ಹೀಗೆ ಹೇಳಿ ನೋಡೋಣ: "ಬಾ ಮಗು, ಅಜ್ಜಿಯ ಪಕ್ಕ ಕೂತುಕೋ. ಇವತ್ತು ಅಜ್ಜಿಯ ಬಿ.ಪಿ. ಎಷ್ಟಿದೆ ನೋಡಿ ಹೇಳು."