ಮಾರಾಟದ ಹಬ್ಬ ಮುಗಿದ ಮೇಲೆ

ಸಾಫ್ಟ್‌ವೇರ್ ಕಂಪೆನಿಯೊಂದು ಭಾರಿ ಬೆಲೆಗೆ ಮಾರಾಟವಾಯಿತೆಂದರೆ ಅಲ್ಲಿನವರಿಗೆ ಹಬ್ಬ. ಹಬ್ಬ ಮುಗಿದ ಮೇಲೂ ಕೆಲಸ ಹಿಂದಿನಷ್ಟೇ ಬಿಗಿಯಾಗಿ ಸಾಗುವುದೆ?

ಬೆಂಗಳೂರಿನಲ್ಲಿ ಬೆಳೆದ ಸಬೀರ್ ಭಾಟಿಯಾ, ಗೆಳೆಯ ಜ್ಯಾಕ್ ಸ್ಮಿತ್ ಜೊತೆಗೂಡಿ 1996ರ ಜುಲೈ 4ರಂದು ಅಮೆರಿಕದಲ್ಲಿ ಹಾಟ್‌ಮೇಲ್ ಎಂಬ ಉಚಿತ ಇ-ಮೇಲ್ ಸೇವೆ ಆರಂಭಿಸಿದರು. 1997ರ ಡಿಸೆಂಬರ್‌ನಲ್ಲಿ ಮೈಕ್ರೋಸಾಫ್ಟ್ ಅದನ್ನು ಕೊಂಡಿತು. ಬೆಲೆ ಸುಮಾರು 40 ಕೋಟಿ ಡಾಲರ್ ಎಂದು ವರದಿಯಾಗಿತ್ತು. 1999ರ ಆಗಸ್ಟ್‌ನಲ್ಲಿ, ಪಾಸ್‌ವರ್ಡ್ ತಿಳಿಯದೆಯೇ ಇತರರ ಪತ್ರ ಓದಬಹುದಾದ ದೋಷವೊಂದು ಅದರಲ್ಲಿ ಬಯಲಾಯಿತು. 2004ರ ಏಪ್ರಿಲ್ 1ರಂದು ಗೂಗಲ್‌ನ ಜಿಮೇಲ್ 1 ಗಿಗಾಬೈಟ್ ಜಾಗದೊಡನೆ ಬಂದಾಗ ಹಾಟ್‌ಮೇಲ್ ಉಚಿತವಾಗಿ ಕೊಡುತ್ತಿದ್ದುದು 2 ಮೆಗಾಬೈಟ್ ಮಾತ್ರ. ಮುಂದೆ ಓಡಿದವನು ಹಿಂದೆ ಬಿದ್ದಿದ್ದ.

ಇದಕ್ಕೆಲ್ಲ ಒಂದೇ ಕಾರಣ ಹೇಳಲಾಗದು. ಕಚೇರಿಯಲ್ಲಿ ನಗು, ಆಟ, ಬಿಡುವು ಇರುವುದೂ ತಪ್ಪಲ್ಲ. ದಣಿದವನೇ ಹೆಚ್ಚು ತಪ್ಪುತ್ತಾನೆ. ಅಪಾಯವಿರುವುದು 'ಗೆದ್ದಾಯಿತಲ್ಲ' ಎಂಬ ನಿಶ್ಚಿಂತೆಯಲ್ಲಿ. ಒಬ್ಬ ಬರೆದ ಪ್ರೋಗ್ರಾಮನ್ನು ಇನ್ನೊಬ್ಬ ಓದುವುದು, ತಪ್ಪು ಮಾಹಿತಿ ತುಂಬಿ ಪರೀಕ್ಷಿಸುವುದು, ಬಳಕೆದಾರರ ದೂರು ಆಲಿಸುವುದು ಆಗ ಮೊದಲು ಸಡಿಲಾಗುತ್ತವೆ. ಫಲ ಕಾಣುವುದು ತಿಂಗಳುಗಳ ನಂತರ.

ಗೋವಿನಕೋವಿಯಂಥ ಊರಿನಿಂದ ಮಕ್ಕಳನ್ನು ಕಂಪ್ಯೂಟರ್ ಓದಿಗೆ ಕಳಿಸುವ ಪಾಲಕರು ಮುಂದೆ 'ಸಂಬಳ ಎಷ್ಟು?' ಎಂದಷ್ಟೇ ಕೇಳದಿರಲಿ. 'ನಿನ್ನ ಕೆಲಸವನ್ನು ತಿದ್ದುವವರು ಇದ್ದಾರೆಯೆ?' ಎಂದೂ ಕೇಳಲಿ.