ಕೆಸರು ದೂಡುವ ಪೊರೆ, ಫ್ಲೋರೈಡ್ ಹಿಡಿಯುವ ಪೊರೆ

ಮಳೆಗಾಲದಲ್ಲಿ ಕಂಪ್ಲಿಯ ಹೊಳೆನೀರು ಕೆಂಪಾದಾಗ ಬಿಂದಿಗೆಯಲ್ಲಿ ಪಟಿಕದ ಚೂರು ತಿರುವಿದರೆ ಕೆಸರು ತಳ ಸೇರುತ್ತದೆ. ಜೇಡಿಮಣ್ಣಿನ ಕಣಗಳ ಮೈಮೇಲೆ ಋಣ ಆವೇಶವಿದ್ದು, ಒಂದನ್ನೊಂದು ದೂಡುತ್ತ ತೇಲುತ್ತಿರುತ್ತವೆ. ಪಟಿಕದಲ್ಲಿರುವ ಅಲ್ಯೂಮಿನಿಯಂ ಆ ಆವೇಶವನ್ನು ತಗ್ಗಿಸುತ್ತದೆ; ಕಣಗಳು ಗಂಟುಕಟ್ಟಿ ಇಳಿಯುತ್ತವೆ. ನೀರು ಸೋಸುವ ಪಾಲಿಮರ್ ಪೊರೆಗೆ ಆಕ್ಸೈಡ್ ಪುಡಿ ಬೆರೆಸುವುದೂ ಆವೇಶದ ಇದೇ ಲೆಕ್ಕದ ಮೇಲೆ.

ಪಾಲಿಸಲ್ಫೋನ್ ಪೊರೆ ಸಾಮಾನ್ಯ ನೀರಿನಲ್ಲಿ ಋಣ ಆವೇಶ ತೋರುತ್ತದೆ. ಆಕ್ಸೈಡ್ ಹಾಗಲ್ಲ, ಅದು ನೀರನ್ನು ನೋಡಿ ಆವೇಶ ಬದಲಿಸುತ್ತದೆ. ಅದರ ಮೈಮೇಲಿನ ಹೈಡ್ರಾಕ್ಸಿಲ್ ಗುಂಪುಗಳು ಆಮ್ಲೀಯ ನೀರಿನಲ್ಲಿ ಪ್ರೋಟಾನ್ ಪಡೆದು ಧನವಾಗುತ್ತವೆ, ಕ್ಷಾರೀಯ ನೀರಿನಲ್ಲಿ ಅದನ್ನು ಬಿಟ್ಟು ಋಣವಾಗುತ್ತವೆ. ಎರಡೂ ಸಮನಾಗುವ ಪಿಎಚ್ ಒಂದೊಂದು ಆಕ್ಸೈಡ್‌ಗೆ ಒಂದೊಂದು: ಸಿಲಿಕಾಕ್ಕೆ ಸುಮಾರು 2, ಟೈಟಾನಿಯಾಕ್ಕೆ 6, ಸಂಡೂರು ಬೆಟ್ಟಗಳ ಕಬ್ಬಿಣದ ಅದಿರು ಹೆಮಟೈಟ್‌ಗೆ 8ರ ಆಸುಪಾಸು, ಅಲ್ಯೂಮಿನಾಕ್ಕೆ 9.

ನೀರಿನ ಪಿಎಚ್ ಆ ಅಂಕಿಗಿಂತ ಕಡಿಮೆಯಿದ್ದರೆ ಮೈ ಧನ, ಹೆಚ್ಚಿದ್ದರೆ ಋಣ; ಆಯ್ಕೆ ಇಲ್ಲಿಂದಲೇ. ಹೊಳೆಯ ಜೇಡಿ, ಕೊಳೆತ ಎಲೆಯ ಅಂಶ, ಬ್ಯಾಕ್ಟೀರಿಯಾ ಬಹುಪಾಲು ಋಣ; ಅವನ್ನು ದೂರ ತಳ್ಳಲು ಸಿಲಿಕಾ, ಟೈಟಾನಿಯಾ ಸರಿ. ನೀರಿನಲ್ಲಿ ಕರಗಿರುವ ಫ್ಲೋರೈಡ್ ಕೂಡ ಋಣವೇ, ಆದರೆ ಅದನ್ನು ಹಿಡಿದಿಡಬೇಕು, ಆದ್ದರಿಂದ ಅಲ್ಯೂಮಿನಾ. ಒಂದೇ ಪೊರೆ ಎರಡೂ ಕೆಲಸ ಮಾಡಲಿ ಅಂದರೆ ಕಷ್ಟ: ಧನ ಮೈ ಫ್ಲೋರೈಡ್ ಜೊತೆಗೆ ಕೆಸರನ್ನೂ ಸೆಳೆದು ಬೇಗ ಕಟ್ಟಿಕೊಳ್ಳುತ್ತದೆ.

ಸಂಡೂರಿನ ಕೆಂಪು ಧೂಳನ್ನೇ ಅರೆದು ಹಾಕಬಾರದೇಕೆ? ಅದರಲ್ಲಿ ಸಿಲಿಕಾ, ಜೇಡಿ ಎಲ್ಲ ಬೆರೆತಿರುವುದರಿಂದ ಯಾವ ಆವೇಶ ಸಿಕ್ಕೀತೋ ಹೇಳಲಾಗದು. ಬೇಕಾದದ್ದು ಶುದ್ಧ ನ್ಯಾನೊ ಪುಡಿ. ಅದನ್ನು ದ್ರಾವಕದಲ್ಲಿ ಶ್ರವಣಾತೀತ ಕಂಪನದಿಂದ ಬಿಡಿಸಿ, ಪಾಲಿಮರ್ ಕರಗಿಸಿ, ಗಾಜಿನ ಮೇಲೆ ತೆಳ್ಳಗೆ ಎಳೆದು ನೀರಿನಲ್ಲಿ ಮುಳುಗಿಸುತ್ತಾರೆ. ದ್ರಾವಕ ಹೊರಬಿದ್ದು ಪೊರೆ ಗಟ್ಟಿಯಾಗುವಾಗ ನೀರಿನ ಸೆಳೆತವುಳ್ಳ ಕಣಗಳು ಮೇಲ್ಮೈಗೆ ಸರಿಯುತ್ತವೆ. ಒಳಗೆ ಹೂತವು ಆವೇಶಕ್ಕೆ ಲೆಕ್ಕಕ್ಕಿಲ್ಲ. ಪುಡಿ ಹೆಚ್ಚಾದರೆ ಗಂಟಾಗಿ ರಂಧ್ರ ಮುಚ್ಚುತ್ತದೆ. ಸುರತ್ಕಲ್‌ನ ಎನ್‌ಐಟಿಕೆಯಲ್ಲಿ ಟೈಟಾನಿಯಾ ನ್ಯಾನೊಕೊಳವೆ ಬೆರೆಸಿದ ಪಾಲಿಸಲ್ಫೋನ್ ಪೊರೆಗಳ ಮೇಲೆ ಸಂಶೋಧನೆ ನಡೆದಿದೆ.

ಪೊರೆಯ ಮೇಲೆ ಉಪ್ಪುನೀರನ್ನು ಒತ್ತಿ ಹರಿಸಿ, ಹುಟ್ಟುವ ವೋಲ್ಟೇಜ್‌ನಿಂದ ಆವೇಶ ಅಳೆಯುತ್ತಾರೆ. ನಮ್ಮ ಕಡೆಯ ಗಡಸು ಕೊಳವೆಬಾವಿ ನೀರಿನಲ್ಲಿ ಲವಣದ ಅಯಾನುಗಳು ಈ ಆವೇಶವನ್ನು ಮುಸುಕುತ್ತವೆ. ತೆಳು ಉಪ್ಪುದ್ರಾವಣದಲ್ಲಿ ಬಂದ ಅಂಕಿ ನಂಬುವ ಮುನ್ನ ಆ ಬಾವಿಯ ನೀರಿನಲ್ಲೇ ಪರೀಕ್ಷಿಸಬೇಕು, ಸೋಸಿದ ನೀರಿಗೆ ಪುಡಿ ಬಿಡುತ್ತಿದೆಯೇ ಎಂದೂ ನೋಡಬೇಕು.

ಫ್ಲೋರೈಡ್ ತುಂಬಿದ ಅಲ್ಯೂಮಿನಾವನ್ನು ಕಾಸ್ಟಿಕ್ ಸೋಡಾ ದ್ರಾವಣದಲ್ಲಿ ತೊಳೆದರೆ ಪಿಎಚ್ ಏರಿ ಮೈ ಋಣವಾಗುತ್ತದೆ, ಫ್ಲೋರೈಡ್ ಬಿಟ್ಟುಹೋಗುತ್ತದೆ. ತೊಳೆದ ಆ ನೀರನ್ನು ಹಳ್ಳಕ್ಕೆ ಬಿಡುವಂತಿಲ್ಲ.